ಡ್ರಮ್ ಆ್ಯಂಡ್ ಬೇಸ್ ಕೇಳಾಕ ಎಲ್ಲಿಂದ ಸುರು ಮಾಡೂದು? ಬಲ್ಲವರು ಹೇಳ್ರಿ

ನವನಗರ_ಹುಡುಗ (ಬಾಗಲಕೋಟೆ)
ಎಲ್ಲಾರಿಗೂ ನಮಸ್ಕಾರ್ರಿ. ನಮ್ಮ ಕಾಕಾನ ಮಗ ಓದಾಕಂತ ಬ್ರಿಸ್ಟಲ್‌ಗೆ ಹೋಗ್ಯಾನ. ಫೋನ್ ಮಾಡಿದಾಗೆಲ್ಲಾ ಡ್ರಮ್ ಆ್ಯಂಡ್ ಬೇಸ್ ಅಂತ ಮಶೀನಿನ್ಯಾಗ ಮಾಡೂ ಕುಣಿತದ ಸಂಗೀತದ್ದ ಮಾತ, ದಿನಾ ಒಂದರ ಲಿಂಕ್ ಕಳಸ್ತಾನ. ಅವನಿಗೆ ಇಷ್ಟ್ಯಾಕ ಹುಚ್ಚು ಹಿಡಿದೈತಿ ಅಂತ ನನಗೂ ತಿಳಕೊಳ್ಳೂ ಆಸೆ ಐತಿ. ಆದ್ರ ಹಚ್ಚಿದ್ರ ಬರೇ ತಡತಡ ತಡತಡ ಕೇಳತೈತಿ. ತಾಳ ಎಲ್ಲಿ ಹಾಕಬೇಕು ತಿಳಿವಲ್ದು, ಎರಡು ನಿಮಿಷಕ್ಕ ತಲಿ ಜಡ ಆಗತೈತಿ. ನಾ ಕೇಳೂದು ಜಾನಪದ, ಹಳೇ ಹಿಂದಿ, ಮತ್ತ ಅಪ್ಪ ಮುಂಜಾನೆ ಹಚ್ಚೂ ಭೀಮಸೇನ ಜೋಶಿಯವರ ದಾಸರ ಪದ. ಯಾವ ಹಾಡಿನಿಂದ ಸುರು ಮಾಡ್ಲಿ? ಜಂಗಲ್, ಲಿಕ್ವಿಡ್, ನ್ಯೂರೋ ಅಂತಾನಲ್ಲ, ಅವಕ್ಕ ಫರಕ್ ಏನ್ರಿ? ನನಗ ಎಲ್ಲಾ ಒಂದ ನಮೂನಿ ಕೇಳತಾವ.

ಕ್ಯಾಂಪ್_ರೋಡ್ (ಬೆಳಗಾವಿ)
ಪೆಂಡ್ಯುಲಮ್‌ದು 'ಹೋಲ್ಡ್ ಯುವರ್ ಕಲರ್' ಹಚ್ಚು ತಮ್ಮಾ. ಇಂಗ್ಲೆಂಡಿನ ಬ್ಯಾಂಡ್, 2005ರ ಆಲ್ಬಮ್. ಸೌಂಡ್ ಪೂರ್ತಿ ಏರಸು, ಬಾಕಿ ತಾನ ತಿಳಿತೈತಿ.

ಮುಧೋಳ_ಮಾವ
ಇದಕ್ಕ ಸಂಗೀತ ಅಂತಾರೇನು? ರಾಗ ಇಲ್ಲ, ಸಾಹಿತ್ಯ ಇಲ್ಲ. ಮಶೀನ್ ಬಡದಂಗ ಬಡಿಯೂದು. ಅಪ್ಪಾರು ಹಚ್ಚೂದನ್ನ ಕೂತು ಕೇಳೋ ತಮ್ಮಾ.

ಖಾನಾಪುರ_ಮಳಿ (ಬೆಳಗಾವಿ, ಟಿಳಕವಾಡಿ)
ಕ್ಯಾಂಪ್ ರೋಡ್ ಅಣ್ಣಾ, ಪೆಂಡ್ಯುಲಮ್ ಇಂಗ್ಲೆಂಡಿನವರಲ್ಲ, ಆಸ್ಟ್ರೇಲಿಯಾದ ಪರ್ತ್ ಊರಿನವರು, ಆಮ್ಯಾಲೆ ಇಂಗ್ಲೆಂಡಿಗೆ ಹೋದ್ರು. ಆಲ್ಬಮ್ ಛೊಲೋ ಐತಿ, ಆದ್ರ ಮೊದಲ ದಿನಾನ ಅಷ್ಟು ಜೋರು ಬ್ಯಾಡ.

ನವನಗರದ ತಮ್ಮಾ, ಮೊದಲ ಒಂದು ಹೇಳು: ಎದರಾಗ ಕೇಳಾಕ ಹತ್ತೀದಿ? ಮೊಬೈಲ್ ಸ್ಪೀಕರಿನ್ಯಾಗ ಆದ್ರ ಅರ್ಧಾ ಸಂಗೀತ ನಿನಗ ಬಂದ ಇಲ್ಲ. ಇದರ ಬೇಸ್, ಅಂದ್ರ ಕೆಳಗಿನ ಭಾರೀ ದನಿ, ಇರೂದು 40ರಿಂದ 60 ಹರ್ಟ್ಜ್ ಆಸುಪಾಸು. ಉಗುರಿನಷ್ಟು ಸ್ಪೀಕರ್ ಅದನ್ನ ನುಡಸೂದ ಇಲ್ಲ. ಡ್ರಮ್ಮಿನ ಮ್ಯಾಲಿನ ಚಟಚಟ ಒಂದ ಉಳೀತೈತಿ. ಒಗ್ಗರಣಿ ಸಪ್ಪಳ ಕೇಳಿ ಸಾರು ಹೆಂಗಾಗೈತಿ ಅಂದಂಗ ಅದು. ಕಿವಿ ಬಿಗಿಯಾಗಿ ಮುಚ್ಚೂವಂಥ ಇಯರ್‌ಫೋನ್ ಹಾಕ್ಕೋ. ಸಡಲ ಇದ್ರ ಬೇಸ್ ಸೋರಿ ಹೋಗತೈತಿ. ಇಲ್ಲಾಂದ್ರ ಕಾರಿನ್ಯಾಗ ಕಿಡಕಿ ಏರಿಸಿ ಕೇಳು.

ಎರಡನೇದು, ಡ್ರಮ್ಮಿನ ಬೆನ್ನ ಹತ್ತಬ್ಯಾಡ. ಇದರ ವೇಗ ಸಾಮಾನ್ಯ ನಿಮಿಷಕ್ಕ 174 ಬೀಟ್. ಅದಕ್ಕ ತಲಿ ಹಾಕಾಕ ಹೋದ್ರ ಯಾರಿಗಾದ್ರೂ ದಣಿವಾಗತೈತಿ. ಆದ್ರ ಕೆಳಗ ಬೇಸ್ ನಡಿಯೂದು ಬಹಳ ಸಲ ಅದರ ಅರ್ಧಾ ವೇಗದಾಗ, 87ರಾಗ. ಅದು ಆರಾಮ ನಡಿಗಿ. ಬೇಸಿನ ಮ್ಯಾಲೆ ಕಾಲಿಡು, ಡ್ರಮ್ ತನ್ನ ಪಾಡಿಗೆ ಮ್ಯಾಲೆ ಓಡಾಡ್ಲಿ. ಇದೊಂದು ಹಿಡಿತ ಸಿಕ್ರ ಮುಂದಿನ ದಾರಿ ಸಲೀಸು. ನಾ ಯಾರಿಗೆ ಹೇಳಿದ್ರೂ ಹಾಡಿನ ಹೆಸರಿಗಿಂತ ಮೊದಲ ಇದನ್ನ ಹೇಳ್ತೀನಿ.

ನವನಗರ_ಹುಡುಗ
ಹೌದ್ರಿ ಅಣ್ಣಾ, ಮೊಬೈಲಿನ್ಯಾಗ, ಅದೂ ಅಂಗಡ್ಯಾಗ ಫ್ಯಾನಿನ ಕೆಳಗ ಕುಂತು. ಕಾಕಾನ ಕಾರ್ ಐತಿ, ಕೇಳಿ ನೋಡ್ತೀನಿ.

ಇಂಡಿ_ಲಿಂಬಿಕಾಯಿ (ವಿಜಯಪುರ ಜಿಲ್ಲೆ)
ನಾ ರಾತ್ರಿ ಪಾಳಿ ಮುಗಿಸಿ ಬಸ್ಸಿನ್ಯಾಗ ಬರೂಮುಂದ ಇದನ್ನ ಕೇಳ್ತೀನಿ ನೋಡ್ರಿ. ಇದು ಗದ್ದಲದ ಸಂಗೀತ ಅನ್ನೂದು ಪೂರಾ ಖರೇ ಅಲ್ಲ. ಲಿಕ್ವಿಡ್ ಅಂತ ಏನದ, ಅದರಾಗ ಪಿಯಾನೋ ಇರತದ, ಸೋಲ್ ಅಂತಾರಲ್ಲ ಅಮೆರಿಕದ ಹಳೇ ಹಾಡು, ಅದರ ದನಿ ಇರತದ, ಬೇಸ್ ಮೆತ್ತಗ ಹರೀತದ. ಹೈ ಕಾಂಟ್ರಾಸ್ಟ್ ಅಂತ ವೇಲ್ಸಿನ ಕಾರ್ಡಿಫ್‌ದವ ಒಬ್ಬ, ಅವನ 2002ರ 'ಟ್ರೂ ಕಲರ್ಸ್' ಕೇಳ್ರಿ. ಎಲ್‌ಟಿಜೆ ಬುಕೆಮ್‌ನ 'ಹೊರೈಜನ್ಸ್' ಕೇಳ್ರಿ, 1995ರದ್ದು. ಅದನ್ನ ಹಚ್ಚಿ ಕಣ್ಣು ಮುಚ್ಚಿದ್ರ ನನಗ ನಿದ್ದಿನೂ ಬರತದ.

ಹಾಡು ಹಿಂದಿಯಂಗ ಮಧುರ ಇರಬೇಕಂದ್ರ ಬ್ರೆಜಿಲ್‌ನ ಡಿಜೆ ಮಾರ್ಕಿ, ಎಕ್ಸ್‌ಆರ್‌ಎಸ್ ಕೂಡಿ ಮಾಡಿದ 'ಎಲ್‌ಕೆ' ಅದ, 2002ರದ್ದು. ಗಿಟಾರಿನ ಒಂದು ಸಣ್ಣ ತುಣುಕು ಸುತ್ತಿ ಸುತ್ತಿ ಬರತದ. ಸುರು ಮಾಡೋರಿಗೆ ಇದಕ್ಕಿಂತ ಸರಳ ದಾರಿ ಇಲ್ಲ.

ಕ್ಯಾಂಪ್_ರೋಡ್
ನಿದ್ದಿ ಮಾಡಾಕ ಬೇಕಾದ್ರ ಜೋಗುಳ ಹಚ್ರಿ ಅಕ್ಕಾರ. ಇದು ಎದಿಗೆ ಬಡಿಬೇಕು.

ಇಂಡಿ_ಲಿಂಬಿಕಾಯಿ
ಎದಿಗೂ ಬಡೀತದ, ನಿದ್ದಿಗೂ ಆಗತದ. ಎರಡೂ ಆಗೂದಕ್ಕ ನನಗ ಸೇರತದ.

ಬೆಂಗಳೂರಲ್ಲಿ_ಬೆಳಗಾವಿ
ಎಲ್ಲರೂ ಲಿಕ್ವಿಡ್‌ನಿಂದ ಶುರು ಮಾಡಿಸ್ತೀರಿ, ಆಮೇಲೆ ಜನ ಅಲ್ಲೇ ನಿಂತುಬಿಡ್ತಾರೆ. ಈ ಸಂಗೀತದ ಬೇರು ಗೊತ್ತಾಗಬೇಕಾದ್ರೆ ಇದರ ಮೊದಲ ರೂಪವಾದ ಜಂಗಲ್‌ನಿಂದಲೇ ಶುರು ಮಾಡಬೇಕು. ಲಂಡನ್, ಬ್ರಿಸ್ಟಲ್ ಊರುಗಳಿಗೆ ಜಮೈಕಾದಿಂದ ಬಂದ ಕುಟುಂಬಗಳು ತಮ್ಮ ಸೌಂಡ್ ಸಿಸ್ಟಮ್ ಪದ್ಧತಿಯನ್ನೂ ತಂದಿದ್ದವು. ರಸ್ತೆಯಲ್ಲಿ, ನೆಲಮಾಳಿಗೆಯಲ್ಲಿ ದೊಡ್ಡ ದೊಡ್ಡ ಸ್ಪೀಕರ್ ಪೆಟ್ಟಿಗೆ ಪೇರಿಸಿ ಜಮೈಕಾದ ರೆಗೆ, ಡಬ್ ಸಂಗೀತ ಹಾಕೋದು. 1990ರ ಹೊತ್ತಿಗೆ ಅವರ ಮಕ್ಕಳು ರೇವ್ ಪಾರ್ಟಿಗಳ ವೇಗವನ್ನೂ ಮನೆಯ ಬೇಸನ್ನೂ ಸೇರಿಸಿದರು, ಫಂಕ್ ಅನ್ನೋ ಅಮೆರಿಕದ ಹಳೇ ಕುಣಿತದ ಸಂಗೀತದ ರೆಕಾರ್ಡುಗಳಿಂದ ಡ್ರಮ್ ಕತ್ತರಿಸಿಕೊಂಡರು. ರೇಡಿಯೋದವರು ಹಾಕದೇ ಇದ್ದಾಗ ಎತ್ತರದ ಕಟ್ಟಡಗಳ ಮೇಲೆ ಏರಿಯಲ್ ಕಟ್ಟಿ ಪರವಾನಗಿ ಇಲ್ಲದ ಸ್ಟೇಷನ್ ನಡೆಸಿದರು. ಶೈ ಎಫ್‌ಎಕ್ಸ್ ಮತ್ತು ಯುಕೆ ಅಪಾಚಿ ಮಾಡಿದ 'ಒರಿಜಿನಲ್ ನಟ್ಟಾ' (1994) ಕೇಳಿ. ಡ್ರಮ್ ಒಂದು ಕ್ಷಣ ಒಂದೇ ಥರ ಇರಲ್ಲ. ಆಮೇಲೆ ಬಂದ ಡ್ರಮ್ ಆ್ಯಂಡ್ ಬೇಸ್‌ನಲ್ಲಿ ಡ್ರಮ್ ಅಚ್ಚುಕಟ್ಟಾಯ್ತು, ಬೇಸ್‌ನ ಕೆಲಸ ಜಾಸ್ತಿ ಆಯ್ತು. ವ್ಯತ್ಯಾಸ ಕೇಳಿದ್ರಲ್ಲ, ಸ್ಥೂಲವಾಗಿ ಹೇಳಬೇಕಂದ್ರೆ ಇಷ್ಟು.

ತಬಲಾ_ಮಾಸ್ತರ (ವಿಜಯಪುರ)
ನಾ ಮಕ್ಕಳಿಗೆ ತಬಲಾ ಕಲಿಸ್ತೀನಿ. ನನ್ನ ಶಿಷ್ಯ ಒಬ್ಬ ಇದನ್ನ ತಂದು ಕೇಳಿಸಿದಾಗ ನಾ ಪೆನ್ನು ಹಾಳಿ ತಗೊಂಡು ಲೆಕ್ಕ ಹಾಕಿದೆ. ತಮ್ಮಾ, ನಿನಗ ತಾಳ ಸಿಗವಲ್ದು ಅಂದಿ, ಅದಕ್ಕ ಹೇಳ್ತೀನಿ.

ಒಂದು ಬಾರ್ ಅಂದ್ರ ನಾಲ್ಕು ಬೀಟ್. ಒಂದೊಂದು ಬೀಟಿಗೆ ನಾಲ್ಕು ಸಣ್ಣ ಪಾಲು ಮಾಡಿದ್ರ 16. ನಮ್ಮ ತೀನತಾಲಕ್ಕೂ 16 ಮಾತ್ರಿ. ಈಗ ಇವರ ಸಾದಾ ಡ್ರಮ್ ಎಲ್ಲಿ ಬೀಳತದ ನೋಡ್ರಿ. ದೊಡ್ಡ ಪೆಟ್ಟು 1ಕ್ಕ, ಅದು ನಮ್ಮ ಸಮ್, ಆವರ್ತನ ಸುರು ಆಗೂ ಜಾಗಾ. ಚಟ್ ಅನ್ನೂ ಸ್ನೇರ್ ಡ್ರಮ್ 5ಕ್ಕ, ನಮ್ಮ ಎರಡನೇ ತಾಲಿ. 9ಕ್ಕ ನಾವು ಖಾಲಿ ತೋರಿಸ್ತೀವಿ, ಇವರೂ ಅಲ್ಲಿ ದೊಡ್ಡ ಪೆಟ್ಟು ಹಾಕೂದಿಲ್ಲ, ಬಿಟ್ಟು 11ಕ್ಕ ಹಾಕ್ತಾರ. ಮತ್ತ ಸ್ನೇರ್ 13ಕ್ಕ, ನಮ್ಮ ಕೊನೀ ತಾಲಿ. ಖಾಲಿ ಜಾಗಾ ಬಿಟ್ಟು ತಡಮಾಡಿ 11ಕ್ಕ ಬೀಳೂ ಆ ಪೆಟ್ಟಿನ ಮ್ಯಾಲೇ ಇಡೀ ಓಟ ನಿಂತದ. ಅದನ್ನ 9ಕ್ಕ ತಂದು ಹಾಕಿ ನೋಡ್ರಿ, ಸಪ್ಪಗಾಗತದ.

ಕೈಯಾಗ ತಾಲಿ-ಖಾಲಿ ಹಾಕ್ಕೋತ ಒಂದು ಹಾಡು ಕೇಳು. 1, 5ಕ್ಕ ಚಪ್ಪಾಳಿ, 9ಕ್ಕ ಕೈ ಬೀಸು, 13ಕ್ಕ ಚಪ್ಪಾಳಿ. ಒಂದು ಆವರ್ತನಕ್ಕ 1.4 ಸೆಕೆಂಡ್ ಕೂಡ ಆಗೂದಿಲ್ಲ, ಕೈ ಚುರುಕ ಇರಬೇಕು.

ಬೆಂಗಳೂರಲ್ಲಿ_ಬೆಳಗಾವಿ
ಸರ್, ಚೆನ್ನಾಗಿದೆ, ಆದ್ರೆ ಇದು ಕಾಕತಾಳೀಯ. ಈ ಡ್ರಮ್ ಬಂದಿದ್ದು ಆಫ್ರಿಕನ್-ಅಮೆರಿಕನ್ ಫಂಕ್‌ನಿಂದ. ತೀನತಾಲಕ್ಕೂ ಅದಕ್ಕೂ ಸಂಬಂಧ ಇಲ್ಲ. ಎಲ್ಲವೂ ನಮ್ಮಿಂದಲೇ ಹೋಯ್ತು ಅಂತ ನಾಳೆ ಯಾರಾದ್ರೂ ಫಾರ್ವರ್ಡ್ ಮಾಡ್ತಾರೆ.

ತಬಲಾ_ಮಾಸ್ತರ
ನಮ್ಮಿಂದ ಹೋಯ್ತು ಅಂತ ನಾ ಎಲ್ಲಿ ಅಂದೀನಿ? ಇತಿಹಾಸ ನೀವು ಹೇಳಿದ್ದ ಖರೇ. ಹುಡುಗನ ಕಿವಿ ಭಜನಿ, ದಾಸರ ಪದದಾಗ ಬೆಳದದ, ಅವನಿಗೆ ಗೊತ್ತಿದ್ದ ಕಡಿಂದ ಹಿಡಿಲಿಕ್ಕೆ ಒಂದು ಹಗ್ಗ ಕೊಟ್ಟೀನಿ. ಕಲಿಸೋರು ಹಂಗ ಕಲಸ್ತಾರ.

ಖಾನಾಪುರ_ಮಳಿ
ಮಾಸ್ತರ, ಇದನ್ನ ನಾ ಇಷ್ಟು ದಿನ ಕೇಳಿದ್ರೂ ಹಿಂಗ ಎಣಿಸಿರಲಿಲ್ಲ. 11ರ ಪೆಟ್ಟಿನ ಮಾತು ನೂರಕ್ಕ ನೂರು.

ಫಂಕ್ ಮಾತು ಬಂತಲ್ಲ, ಆಮೆನ್ ಬ್ರೇಕ್ ಅನ್ನೂ ಡ್ರಮ್ ತುಣುಕಿನ ಕಥಿ ಹೇಳಲಿಲ್ಲಂದ್ರ ಈ ಚರ್ಚೆ ಅರ್ಧಾನ. 1969ರಾಗ ವಿನ್‌ಸ್ಟನ್ಸ್ ಅಂತ ಅಮೆರಿಕದ ತಂಡ 'ಆಮೆನ್, ಬ್ರದರ್' ಅಂತ ಒಂದು ಹಾಡು ಮಾಡಿತ್ತು. ರೆಕಾರ್ಡಿನ ಹಿಂದಿನ ಮಗ್ಗಲಕ್ಕ ಹಾಕಿದ ಹಾಡು. ನಡುವ ಎಲ್ಲಾರೂ ಸುಮ್ಮನಾಗಿ ಡ್ರಮ್ಮರ್ ಗ್ರೆಗರಿ ಕೋಲ್ಮನ್ ಒಬ್ಬನ ನುಡಸ್ತಾನ. ನಾಲ್ಕು ಬಾರ್, ಸುಮಾರು ಏಳು ಸೆಕೆಂಡ್. ಮೊದಲಿನ ಎರಡು ಬಾರ್ ಸೀದಾ. ಮೂರನೇದರಾಗ ಸ್ನೇರ್ ಒಂದೀಟು ತಡಾ ಮಾಡ್ತಾನ. ನಾಲ್ಕನೇದರಾಗ ಮೊದಲ ಬೀಟ್ ಖಾಲಿ ಬಿಟ್ಟು, ಅಡ್ಡಡ್ಡ ನುಡಿಸಿ, ನಾವು ಕಾಯೂದಕ್ಕಿಂತ ಮೊದಲ ಸಿಂಬಲ್ ಹೊಡೀತಾನ. ಆ ಏಳು ಸೆಕೆಂಡನ್ನ ಲಂಡನ್ ಹುಡುಗರು ಅಕಾಯ್ ಸ್ಯಾಂಪ್ಲರ್ ಯಂತ್ರಕ್ಕ ಹಾಕಿ, ಪೆಟ್ಟು ಪೆಟ್ಟು ಬ್ಯಾರೆ ಮಾಡಿ, ವೇಗ ಏರಿಸಿ, ಹಿಂದ ಮುಂದ ಜೋಡಿಸಿದ್ರು. ಜಂಗಲ್‌ನ ಬೆನ್ನೆಲಬು ಅದ. ಸಾವಿರಗಟ್ಟಲೆ ಹಾಡಿನ್ಯಾಗ ಅದು ಬಂದೈತಿ.

ಕೋಲ್ಮನ್‌ಗ ಅದರಿಂದ ಒಂದು ರೊಕ್ಕಾನೂ ಬರಲಿಲ್ಲ. 2006ರಾಗ ಅಟ್ಲಾಂಟಾದಾಗ ಮನಿ ಮಠ ಇಲ್ಲದ ತೀರಿಕೊಂಡ. ತಂಡದ ಮುಖ್ಯಸ್ಥ ರಿಚರ್ಡ್ ಸ್ಪೆನ್ಸರ್‌ಗ 2015ರಾಗ ಕೇಳುಗರ ವಂತಿಗಿ ಕೂಡಿಸಿ 24,000 ಪೌಂಡ್ ಕೊಟ್ರು. ಯಾವ ಜಂಗಲ್ ಹಾಡು ಹಚ್ಚಿದ್ರೂ ನಾ ಕೋಲ್ಮನ್‌ನ ಕೈ ನೆನಸ್ತೀನಿ.

ಮುಧೋಳ_ಮಾವ
ಇದು ಅನ್ಯಾಯ ಐತಿ. ನಮ್ಮ ಕಡೆ ಹಲಗಿ ಬಡಿಯೋರ ಕಥಿನೂ ಇದ. ಅವರ ಪೆಟ್ಟು ರೆಕಾರ್ಡ್ ಮಾಡ್ಕೊಂಡು ಜಾನಪದ ಡಿಜೆ ಹಾಡಿಗೆ ಹಾಕ್ತಾರ, ಬಾರಿಸಿದವರ ಹೆಸರು ಎಲ್ಲೂ ಬರೂದಿಲ್ಲ.

ಗೋಕಾಕ_ಫಾಲ್ಸ್
ಮಾವಾರ, ಖರೇ ಮಾತು. ನಮ್ಮ ಊರ ಕರಡಿ ಮಜಲಿನವರನ್ನ ಜಾತ್ರ್ಯಾಗ ಕರಸ್ತಾರ, ಪಕ್ಕದಾಗ ಟ್ರ್ಯಾಕ್ಟರ್ ತುಂಬ ಸ್ಪೀಕರ್ ಹೇರಿ ಡಿಜೆ ಹಚ್ತಾರ. ಮಜಲಿನವರ ದನಿ ಕೇಳೂದ ಇಲ್ಲ.

ಕ್ಯಾಂಪ್_ರೋಡ್
ಅದಕ್ಕ ನಾ ಅಂತೀನಿ, ಬೆಳಗಾವಿ ಗಣಪತಿ ವಿಸರ್ಜನಿಗೆ ಒಂದ್ಸಲ ಡ್ರಮ್ ಆ್ಯಂಡ್ ಬೇಸ್ ಹಚ್ಚಬೇಕು. ಕಪಿಲೇಶ್ವರ ಹೊಂಡದ ತನಕ ಮಂದಿ ಕುಣೀತಾರ.

ಖಾನಾಪುರ_ಮಳಿ
ಕುಣಿಯೂದಿಲ್ಲ. ನಮ್ಮ ಮೆರವಣಿಗಿ ಹಾಡಿನ್ಯಾಗ ದೊಡ್ಡ ಪೆಟ್ಟು ಪ್ರತಿ ಬೀಟಿಗೂ ಬೀಳತೈತಿ, ಕಾಲು ತಾನ ಎತ್ತತೈತಿ. ಇಲ್ಲಿ ಹಂಗಿಲ್ಲ. ಮತ್ತ ನಿಯಮದ ಪ್ರಕಾರ ರಾತ್ರಿ 10ರಿಂದ ಮುಂಜಾನೆ 6ರ ತನಕ ಹೊರಗ ಧ್ವನಿವರ್ಧಕ ಹಚ್ಚಾಂಗಿಲ್ಲ. ಹಬ್ಬಕ್ಕಂತ ಸರಕಾರ 12ರ ತನಕ ಬಿಡಬಹುದು, ಅದೂ ವರ್ಷಕ್ಕ 15 ದಿನದ ಮ್ಯಾಲೆ ಇಲ್ಲ. ಆ ಡಾಲ್ಬಿ ಸ್ಪೀಕರ್ ಮುಂದ ಸಣ್ಣ ಹುಡುಗರನ್ನ ಹೆಗಲ ಮ್ಯಾಲೆ ಕುಂಡರಿಸ್ಕೊಂಡು ನಿಲ್ಲೋರನ್ನ ಕಂಡ್ರ ನನಗ ಸಂಕಟ ಆಗತೈತಿ. ವಿಶ್ವ ಆರೋಗ್ಯ ಸಂಸ್ಥೆ 80 ಡೆಸಿಬೆಲ್ ಇದ್ರ ವಾರಕ್ಕ 40 ತಾಸು ಕೇಳಬಹುದು ಅಂತೈತಿ. ಅದಕ್ಕಿಂತ ಜೋರಾದಂಗ ತಾಸು ಭರ್ರನ ಇಳೀತಾವ. ಬೇಸ್ ಬೇಕು, ಕಿವಿನೂ ಬೇಕು.

ಕ್ಯಾಂಪ್_ರೋಡ್
ವರ್ಷಕ್ಕೊಂದು ಹಬ್ಬ. ಎಲ್ಲಾದಕ್ಕೂ ನಿಯಮ ಹೇಳಬ್ಯಾಡ್ರಿ.

ಬಾದಾಮಿ_ಕಲ್ಲು
ವಿಷಯಕ್ಕ ಬರ್ರಿ. ನನ್ನದೊಂದು ಪ್ರಶ್ನೆ, ಇದನ್ನ ಗೋಳಗುಮ್ಮಟದಾಗ ಹಚ್ಚಿದ್ರ ಹೆಂಗ ಕೇಳಬಹುದು? ಸಣ್ಣಾಂವ ಇದ್ದಾಗ ಅಲ್ಲಿ ಕೂಗಿದ್ದು ಕಿವ್ಯಾಗ ಇನ್ನೂ ಐತಿ.

ತಬಲಾ_ಮಾಸ್ತರ
ಕೆಟ್ಟು ಹೋಗತದ. 174ರ ವೇಗದಾಗ ಸಣ್ಣ ಪೆಟ್ಟಿಗೂ ಪೆಟ್ಟಿಗೂ ನಡುವ 0.09 ಸೆಕೆಂಡ್ ಕೂಡ ಇಲ್ಲ. ಗುಮ್ಮಟದ ಒಳಗಿನ ಅಗಲ ಸುಮಾರು 38 ಮೀಟರ್, ದನಿ ಆ ಮಗ್ಗಲಕ್ಕ ಹೋಗಾಕ ಸುಮಾರು 0.11 ಸೆಕೆಂಡ್ ಬೇಕು. ಮೊದಲಿನ ಪೆಟ್ಟು ಗ್ವಾಡಿ ಮುಟ್ಟೂದರಾಗ ಇನ್ನೊಂದು ಬಿದ್ದಿರತದ. ಎಲ್ಲಾ ಕಲಸಿ ಮಂದ ಆಗತದ. ಅಲ್ಲಿ ನಿಧಾನ ಆಲಾಪ ಚಂದ. ಹೊತ್ತು ಮೂಡೂದಕ್ಕ ಹೋಗ್ರಿ, ಪಾರಿವಾಳದ ರೆಕ್ಕಿ ಸಪ್ಪಳ ಸೈತ ದೊಡ್ಡದಾಗಿ ಕೇಳತದ. ಡ್ರಮ್ ಆ್ಯಂಡ್ ಬೇಸಿಗೆ ಬಯಲು ಬೇಕು, ಇಲ್ಲಾ ಒಣ ಖೋಲಿ ಬೇಕು.

ಇಂಡಿ_ಲಿಂಬಿಕಾಯಿ
ಮಾಸ್ತರ್ರ, ನೀವು ತಾಲ್ವಿನ್ ಸಿಂಗ್ ಕೇಳೀರೇನು? ಲಂಡನ್ನಿನವ, ತಬಲಾ ಕಲತವ. 1998ರ 'ಓಕೆ' ಅನ್ನೂ ಆಲ್ಬಮ್ಮಿಗೆ ಮರುವರ್ಷ ಬ್ರಿಟನ್ನಿನ ಮರ್ಕ್ಯುರಿ ಸಂಗೀತ ಪ್ರಶಸ್ತಿ ಬಂತು. ತಬಲಾ, ಸಾರಂಗಿ, ಅದರ ಜೋಡಿ ಈ ಡ್ರಮ್. ಡ್ರಮ್ ಆ್ಯಂಡ್ ಬೇಸ್ ಮಾಡೂ ಗೋಲ್ಡಿಯವರ ಮೆಟಲ್‌ಹೆಡ್ಜ್ ಅನ್ನೂ ಕುಣಿತದ ರಾತ್ರಿ ನಡೀತಿದ್ದ ಬ್ಲೂ ನೋಟ್ ಕ್ಲಬ್ಬಿನಾಗ ಇವನ 'ಅನೋಖಾ' ರಾತ್ರಿನೂ ನಡೀತಿತ್ತು.

ತಬಲಾ_ಮಾಸ್ತರ
ಕೇಳೀನಿ. ಆದ್ರ ಸ್ಪಷ್ಟ ಹೇಳ್ತೀನಿ, ಕೆಲವು ಕಡೆ ತಬಲಾ ಬರೇ ಅಲಂಕಾರಕ್ಕ ಇಟ್ಟಂಗ ಅದ. ಎಡಗೈ ಬಾಯಾಂ ಮ್ಯಾಲೆ ಅಂಗೈ ಒತ್ತಿ ದನಿ ಜಾರಿಸೂ ಮೀಂಡ್ ತಗೀತಾನಲ್ಲ, ಅಲ್ಲಿ ಮಾತ್ರ ಬಾಯಾಂ ಮತ್ತ ಇವರ ಬೇಸ್ ಒಂದ ಆಗತಾವ. ಅಂಥಾ ಜಾಗಾ ಇನ್ನೂ ಬೇಕಿತ್ತು.

ಮುಧೋಳ_ಮಾವ
ಆ ಸಿಂಗ್‌ನ ಆಲ್ಬಮ್ ಹೆಸರು ಹೊಳ್ಳಿ ಹೇಳ್ರಿ ಅಕ್ಕಾರ. ಕೇಳಿ ನೋಡಾಕ ಏನ ಅಡ್ಡಿ.

ಇಂಡಿ_ಲಿಂಬಿಕಾಯಿ
'ಓಕೆ', ಮಾವಾರ. ಎರಡ ಅಕ್ಷರ.

ಬೆಂಗಳೂರಲ್ಲಿ_ಬೆಳಗಾವಿ
ನ್ಯೂರೋ ಬಗ್ಗೆ ಯಾರೂ ಹೇಳಲೇ ಇಲ್ಲ. ಎಡ್ ರಷ್ ಮತ್ತು ಆಪ್ಟಿಕಲ್ ಅವರ 'ವರ್ಮ್‌ಹೋಲ್' (1998), ಆಮೇಲೆ ನೆದರ್‌ಲೆಂಡ್ಸ್‌ನ ಗ್ರೋನಿಂಗೆನ್ ಊರಿನ ನೊಯ್ಸಿಯಾ ಅವರ 'ಸ್ಪ್ಲಿಟ್ ದಿ ಆ್ಯಟಮ್' (2010). ಇಲ್ಲಿ ಬೇಸ್ ಒಂದು ಸ್ವರ ಹಿಡಿದು ನಿಲ್ಲಲ್ಲ, ಗುರುಗುಟ್ಟುತ್ತೆ, ಬಾಯಿ ತೆಗೆದು ಮುಚ್ಚಿದ ಹಾಗೆ ಬದಲಾಗ್ತಾ ಹೋಗುತ್ತೆ. ಆ ಥರದ ಬೇಸ್‌ನ ಮೂಲ ಡೆಟ್ರಾಯ್ಟ್‌ನ ಕೆವಿನ್ ಸಾಂಡರ್ಸನ್ 1988ರಲ್ಲಿ ಮಾಡಿದ ಒಂದು ಹಾಡು. ಒಂದೇ ಸ್ವರವನ್ನು ಎರಡು ಕಡೆಯಿಂದ ಸ್ವಲ್ಪ ಸ್ವಲ್ಪ ಶ್ರುತಿ ತಪ್ಪಿಸಿ ಜೊತೆಗೆ ಇಟ್ಟರೆ ಎರಡರ ನಡುವೆ ಅಲೆ ಏಳುತ್ತೆ. ತಂಬೂರಿ ಶ್ರುತಿ ಮಾಡುವಾಗ ಕೇಳೋ ಅಲೆ ಇದೆಯಲ್ಲ ಮಾಸ್ತರ್ರೇ, ಅದೇ. ಇಲ್ಲಿ ಬೇಕಂತಲೇ ಉಳಿಸಿಕೊಳ್ತಾರೆ.

ನವನಗರ_ಹುಡುಗ
ಎಲ್ಲಾರಿಗೂ ಧನ್ಯವಾದ್ರಿ. ಇಷ್ಟು ಹೆಸರು ಬಂದಾವಲ್ಲ, ಯಾವುದು ಮೊದಲ, ಯಾವುದು ಆಮ್ಯಾಲೆ?

ಖಾನಾಪುರ_ಮಳಿ
ನಿನ್ನ ತಮ್ಮ ಬ್ರಿಸ್ಟಲ್‌ನ್ಯಾಗ ಅದಾನಲ್ಲ, ಆ ಊರಿಂದನ ಸುರು ಮಾಡು. ರೋನಿ ಸೈಜ್, ರೆಪ್ರಜೆಂಟ್ ತಂಡದವರ 'ನ್ಯೂ ಫಾರ್ಮ್ಸ್', 1997. ಆ ವರ್ಷದ ಮರ್ಕ್ಯುರಿ ಪ್ರಶಸ್ತಿ ಅದಕ್ಕ ಬಂತು, ಪಟ್ಟಿಯೊಳಗ ರೇಡಿಯೋಹೆಡ್ ಅಂಥಾ ದೊಡ್ಡ ರಾಕ್ ತಂಡ ಇದ್ರೂ. ಅದರಾಗ 'ಬ್ರೌನ್ ಪೇಪರ್ ಬ್ಯಾಗ್' ಹಚ್ಚು. ನಿಂತು ನುಡಸೂ ದೊಡ್ಡ ಡಬಲ್ ಬೇಸ್ ಅದರ ಜೀವ. ಬೇಸಿನ ಮ್ಯಾಲೆ ಕಾಲಿಡು ಅಂದ್ನಲ್ಲ, ಅದನ್ನ ಕಲಿಯಾಕ ಇಂಥಾ ಹಾಡು ಇನ್ನೊಂದಿಲ್ಲ. ಡ್ರಮ್ ಸುರು ಆದಾಗ ಕಿವಿ ಬೇಸ್ ಬಿಡಬಾರದು, ಅಷ್ಟ.

ಅದು ಕುಂತ ಮ್ಯಾಲೆ ಅಕ್ಕಾರು ಹೇಳಿದ 'ಎಲ್‌ಕೆ', 'ಹೊರೈಜನ್ಸ್'. ಆಮ್ಯಾಲೆ ಗೋಲ್ಡಿಯವರ 'ಟೈಮ್‌ಲೆಸ್', 1995ರದ್ದು. ಮೊದಲ ಹಾಡ 21 ನಿಮಿಷ ಐತಿ, ಡಯಾನ್ ಶಾರ್ಲಮೇನ್ ಹಾಡ್ಯಾಳ. ದನಿ ನಿಧಾನ ತೇಲಕೋತ ಹೋಗತೈತಿ, ಕೆಳಗ ಡ್ರಮ್ ಚೂರು ಚೂರಾಗಿ ಸಿಡೀತಾವ. ಅಪ್ಪಾರ ಜೋಡಿ ದೊಡ್ಡ ಖ್ಯಾಲ ಕೇಳಿ ರೂಢಿ ಇದ್ರ 21 ನಿಮಿಷ ನಿನಗ ಭಾರ ಆಗೂದಿಲ್ಲ. ಜಂಗಲ್ ಇದರ ನಂತರ. ನ್ಯೂರೋ ಎಲ್ಲಾಕಿಂತ ಕೊನಿಗೆ.

ಇನ್ನೊಂದು, ಗಡಿಯಾರ ನೋಡ್ಕೋತ ಕೇಳು. 174ರಾಗ 16 ಬಾರಿಗೆ ಸುಮಾರು 22 ಸೆಕೆಂಡ್, 32 ಬಾರಿಗೆ 44. ಏನರ ಹೊಸಾದು ಬರೂದು, ಬೇಸ್ ಧಪ್ಪನ ಬೀಳೂದು ಬಹಳ ಮಾಡಿ ಈ ಗಡಿಗೇ. ಯಾವಾಗ ಬರತೈತಿ ಅಂತ ಗೊತ್ತಿದ್ರ ಕಾಯೂದರಾಗ ಮಜಾ ಐತಿ, ನಾವು ಮೂರು ಸಲ ನುಡಸೂ ತಿಹಾಯಿ ಮುಗಿದು ಸಮ್ ಬೀಳೂದನ್ನ ಕಾಯ್ತೀವಲ್ಲ, ಹಂಗ.

ಬೆಂಗಳೂರಲ್ಲಿ_ಬೆಳಗಾವಿ
ಜಂಗಲ್ ನಾಲ್ಕನೇದಾ? ಒಪ್ಪಲ್ಲ.

ಖಾನಾಪುರ_ಮಳಿ
ಒಪ್ಪಬ್ಯಾಡ್ರಿ. ಎರಡು ನಿಮಿಷಕ್ಕ ದಣಿಯೂ ಕಿವಿಗೆ ಮೊದಲ ಆಮೆನ್ ಹಾಕಿದ್ರ ಓಡಿ ಹೋಗತೈತಿ.

ಇಂಡಿ_ಲಿಂಬಿಕಾಯಿ
ಹೊಸಬರನ್ನೂ ಸೇರಿಸ್ರಿ. ನಿಯಾ ಆರ್ಕೈವ್ಸ್ ಅಂತ ಹುಡುಗಿ, ಹಳೇ ಜಂಗಲ್ ಡ್ರಮ್ಮಿನ ಮ್ಯಾಲೆ ತಾನ ಹಾಡ್ತಾಳ, ತಾನ ಮಾಡ್ತಾಳ. 2024ರಾಗ 'ಸೈಲೆನ್ಸ್ ಈಸ್ ಲೌಡ್' ಬಂತು. ಹಾಡು ಬೇಕನ್ನೋರಿಗೆ ಜಂಗಲ್ ಒಳಗ ಹೋಗಲಿಕ್ಕೆ ಇದು ಛೊಲೋ ಬಾಗಲಾ.

ನವನಗರ_ಹುಡುಗ
ಕಾರಿನ್ಯಾಗ 'ಬ್ರೌನ್ ಪೇಪರ್ ಬ್ಯಾಗ್' ಕೇಳಿದೆ. ಬಾಗಲದಾಗಿನ ನೀರಿನ ಬಾಟ್ಲಿ ನಡಗಿದ್ದ ಕಂಡೆ, ಆವಾಗ ಬೇಸ್ ಎಲ್ಲೈತಿ ಗೊತ್ತಾತು. ಮಾಸ್ತರ ಹೇಳಿದಂಗ ತಾಲಿ ಹಾಕಾಕ ಹೋದೆ, 13ರ ತನಕ ಕೈ ಮುಟ್ಟವಲ್ದು, ಆದ್ರ 5ರ ಸ್ನೇರ್ ಸಿಗತೈತಿ. ಕಾಕಾ ಹಿಂದ ಕುಂತು ಕೇಳಿ, ಆ ದೊಡ್ಡ ತಂತಿವಾದ್ಯ ಯಾವ್ದೋ ಅಂತ ಕೇಳಿದ್ರು.

ತಬಲಾ_ಮಾಸ್ತರ
ಮೊದಲ 5, 13 ಬಿಡು. ಬರೇ ಸಮ್ ಹಿಡಿ. ಒಂದಕ್ಕ ಒಂದ ಚಪ್ಪಾಳಿ. ಅದು ಗಟ್ಟಿ ಆದ ಮ್ಯಾಲೆ ಉಳದದ್ದು.

ಗೋಕಾಕ_ಫಾಲ್ಸ್
ನನ್ನ ಕಡೆ ನಮ್ಮೂರ ಹಲಗಿ ರೆಕಾರ್ಡಿಂಗ್ ಐತಿ, ಬಾರಿಸಿದವರನ್ನ ಕೇಳಿ ಒಪ್ಪಿಗಿ ತಗೊಂಡೇ ಮಾಡೀನಿ. ಅದನ್ನ ಕತ್ತರಿಸಿ 174ಕ್ಕ ಕೂಡಸೂದು ಹೆಂಗ? ಯಾರರ ಹೇಳ್ತೀರೇನು?

ಖಾನಾಪುರ_ಮಳಿ
ಹೇಳ್ತೀನಿ, ಬ್ಯಾರೆ ಚರ್ಚೆ ಸುರು ಮಾಡು. ಎಂಪಿ3 ಬ್ಯಾಡ, ದನಿ ಪೂರ್ತಿ ಉಳಸೂ ವೇವ್ ಫೈಲ್ ಇಟ್ಕೋ. ಬಾರಿಸಿದವರ ಹೆಸರು ಹಾಡಿನ ಜೋಡಿ ಬರಿಯೂದು ಈಗಿಂದನ ಗಟ್ಟಿ ಮಾಡ್ಕೋ, ರೊಕ್ಕ ಬಂದ್ರ ಅವರ ಪಾಲು ಎಷ್ಟು ಅನ್ನೂದನ್ನೂ ಕಾಗದದ ಮ್ಯಾಲೆ ಬರಿ.